ಕಂಪ್ಯೂಟರಿನೊಳಗೆ ಮಗ್ಗ ಹೂಡಿದ ಮಾವ

ನಮ್ಮ ಸೋದರಮಾವನಿಗೆ ಸಂಗೀತದ ಗಂಧಗಾಳಿ ಇಲ್ಲ. ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ, ಅವರೇ ಒಪ್ಪಿಕೊಂಡ ಸತ್ಯ. ಭಜನೆಯಲ್ಲಿ ಅವರು ದನಿ ಎತ್ತಿದರೆ ಪಕ್ಕದಲ್ಲಿ ಕೂತವರು ಪ್ರಸಾದ ತರುವ ನೆವದಲ್ಲಿ ಎದ್ದು ಹೋಗುತ್ತಾರೆ. ಇಂಥ ಮನುಷ್ಯನ ಬಳಿ ಈಗ ಹನ್ನೊಂದು ಸಿಂಥಸೈಸರ್‌ಗಳಿವೆ! ಕೊಳ್ಳೇಗಾಲದಲ್ಲಿ, ಬೇಕಾದರೆ ಹನೂರು, ಯಳಂದೂರುಗಳನ್ನೂ ಸೇರಿಸಿಕೊಳ್ಳಿ, ಇಷ್ಟು ಸಿಂಥಸೈಸರ್ ಇಟ್ಟುಕೊಂಡ ಇನ್ನೊಬ್ಬರನ್ನು ತೋರಿಸಿದರೆ ನಾನು ಅವರ ಕಾಲಿಗೆ ಬಿದ್ದು, ಮಾವನನ್ನು ಅವರಿಗೆ ಒಪ್ಪಿಸಿ, ಒಂದು ಭಾನುವಾರವಾದರೂ ಮನೆಯಲ್ಲಿ ಕಾಲು ಚಾಚಿ ಮಲಗುತ್ತೇನೆ.

ಹನ್ನೊಂದು ಎಂದ ಕೂಡಲೇ ಮನೆ ತುಂಬ ವಾದ್ಯಗಳು ಎಂದುಕೊಳ್ಳಬೇಡಿ. ಎಲ್ಲವೂ ಒಂದು ಹಳೇ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಬೇಕಾದ ಸದ್ದು ಹುಟ್ಟಿಸುವ ಸಾಫ್ಟ್‌ವೇರುಗಳು. ಪರದೆಯ ಮೇಲೆ ಒಂದಷ್ಟು ತಿರುಗುಣಿಗಳು ಕಾಣುತ್ತವೆ. ಅವನ್ನು ಮೌಸಿನಿಂದ ತಿರುಗಿಸಿದರೆ ಸದ್ದು ದಪ್ಪವಾಗುತ್ತದೆ, ಸಣ್ಣಗಾಗುತ್ತದೆ, ಉದ್ದಕ್ಕೆ ಎಳೆಯುತ್ತದೆ, ಇಲ್ಲವೇ ಗಕ್ಕನೆ ನಿಲ್ಲುತ್ತದೆ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಸಾಲದೇ ಎಂದು ಕೇಳಿದ್ದಕ್ಕೆ ಮಾವ, "ಪುಕ್ಕಟೆ ಕೊಡೋವಾಗ ಒಂದೇ ಸಾಕು ಅಂದ್ರೆ ಕೊಟ್ಟೋರ್ಗೆ ಬೇಜಾರಾಗಲ್ವೇನ್ಲಾ?" ಎಂದರು. ಕೊಟ್ಟವರಿಗೆ ಬೇಜಾರಾಗಬಾರದೆಂದು ಹನ್ನೊಂದನ್ನೂ ಡೌನ್‌ಲೋಡ್ ಮಾಡಿ, ಇನ್‌ಸ್ಟಾಲ್ ಮಾಡಿ, ಹನ್ನೊಂದು ಕಡೆ ಇ-ಮೇಲ್ ವಿಳಾಸ ಕೊಟ್ಟು, ಇಂದಿಗೂ ಹನ್ನೊಂದು ಕಡೆಯಿಂದ ಬೇಡದ ಪತ್ರ ಪಡೆಯುತ್ತಿರುವವನು ನಾನು. ಹನೂರಿನ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಮಕ್ಕಳ ಹಾಜರಿಯನ್ನು ಕಂಪ್ಯೂಟರಿಗೆ ತುಂಬುತ್ತೇನೆ ಎಂಬ ಒಂದೇ ತಪ್ಪಿಗೆ ನಮ್ಮ ಇಡೀ ಬಳಗ ನನ್ನನ್ನು ಕಂಪ್ಯೂಟರ್ ಇಂಜಿನಿಯರ್ ಎಂದು ನಂಬಿಕೊಂಡಿದೆ.

ಮಾವ ಕೊಳ್ಳೇಗಾಲದ ನೇಕಾರರ ಬೀದಿಯವರು. ನಲವತ್ತು ವರ್ಷ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯ್ದವರು. ಮಂಡಿ ಕೈಕೊಟ್ಟ ಮೇಲೆ ಮಗ್ಗ ಬಿಚ್ಚಿಸಿ, ಗುಂಡಿ ಮುಚ್ಚಿಸಿ, ಮೇಲೆ ಸಿಮೆಂಟು ಬಳಿಸಿದರು. ತಾವು ಕೂರುತ್ತಿದ್ದ ಹಲಗೆಯೊಂದನ್ನು ಮಾತ್ರ ಯಾರಿಗೂ ಕೊಡದೆ ಗೋಡೆಗೆ ಒರಗಿಸಿಟ್ಟುಕೊಂಡರು. ಆ ನಲವತ್ತು ವರ್ಷವೂ ಅತ್ತೆಯದು ಎರಡು ಕೆಲಸ. ಒಂದೋ ರಾಟೆಯ ಮುಂದೆ ಕೂತು ನೂಲು ಸುತ್ತುವುದು, ಇಲ್ಲವೇ ಅಡುಗೆಮನೆ. ಎಲ್ಲಿದ್ದರೂ ಒಂದು ಕಿವಿ ಮಗ್ಗದ ಕಡೆಗೇ. ಮಾವನ ಕಣ್ಣಿಗೆ ಬೀಳುವ ಮೊದಲೇ ಒಳಗಿಂದ ಕೂಗು ಬರುತ್ತಿತ್ತು: "ಎಳೆ ಕಡೀತು, ನೋಡ್ಕಳಿ." ಮಾವ ಬಗ್ಗಿ ನೋಡಿದರೆ ಕಡಿದೇ ಇರುತ್ತಿತ್ತು. ಲಾಳಿ ಓಡುವ ಸದ್ದಿನಲ್ಲೇ ಅತ್ತೆಗೆ ತಿಳಿಯುತ್ತಿತ್ತಂತೆ. ಚಿಕ್ಕವನಿದ್ದಾಗ ನಾನು ಮಗ್ಗದ ಪಕ್ಕದಲ್ಲೇ ಕೂತು ಎಷ್ಟು ಕಿವಿಗೊಟ್ಟರೂ ನನಗೆ ಒಂದು ಏಟಿಗೂ ಇನ್ನೊಂದು ಏಟಿಗೂ ವ್ಯತ್ಯಾಸ ತಿಳಿದದ್ದಿಲ್ಲ.

ಈಗ ಅತ್ತೆಗೆ ಕಿವಿ ಮಂದ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಕೀರಲು ದನಿಯಂಥ ಸಣ್ಣ ಸದ್ದೆಲ್ಲ ಹೋಗಿಬಿಟ್ಟಿದೆ, ಗುಡುಗಿನಂಥ ದಪ್ಪ ಸದ್ದು ಅಷ್ಟಿಷ್ಟು ಉಳಿದಿರಬಹುದು ಎಂದು ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅತ್ತೆ ಅದನ್ನು ಒಂದು ವಾರ ಹಾಕಿಕೊಂಡು, "ಇದ್ರೊಳಗ ಯಾರೋ ಸೀಟಿ ಊದ್ತಾವ್ರೆ" ಎಂದು ತೆಗೆದು ಸಾಸಿವೆ ಡಬ್ಬಿಯಲ್ಲಿ ಇಟ್ಟುಬಿಟ್ಟರು. ಆಮೇಲೆ ಅವರ ಮಾತೂ ಕಡಿಮೆಯಾಯಿತು. ಏನು ಹೇಳಿದರೂ ನಗುತ್ತಾ ತಲೆಯಾಡಿಸುವುದು, ಮದುವೆಮನೆಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂತು ಬರುವುದು. ಒಂದು ದಿನ ಮಾವ ನನ್ನ ಹತ್ತಿರ, "ನಲ್ವತ್ತು ವರ್ಸ ಒಳಗಿಂದ ಬೈದು ಬೈದು ನನ್ ಕೆಲ್ಸ ತಿದ್ದುದ್ಲು ಕಣ್ಲಾ. ಈಗ ನನ್ ತಪ್ಪ ಯೋಳೋರೇ ಇಲ್ಲ" ಎಂದರು. ಆ ಬೈಗುಳವನ್ನು ವಾಪಸು ತರಬೇಕೆಂಬುದೇ ಅವರ ಹಟ. ಅದಕ್ಕೆ ಅತ್ತೆಯ ಕಿವಿಗೆ ಬೀಳುವಷ್ಟು ದಪ್ಪನೆಯ ಮಗ್ಗದ ಸದ್ದು ಬೇಕು. ಹೆಂಡತಿಯಿಂದ ಬೈಸಿಕೊಳ್ಳಲು ಇಷ್ಟು ಪಾಡುಪಟ್ಟ ಗಂಡನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಪಕ್ಕದ ಮನೆಯ ಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದು ಕೇಳಿಸಿದರೆ ಮುಗಿಯಿತಲ್ಲ ಎಂದು ಮೊದಲು ನಾನೇ ಜಾಣತನ ತೋರಿಸಿದೆ. ಹಾಗೇ ಮಾಡಿದೆವು. ಅತ್ತೆ ಫೋನನ್ನು ಕಿವಿಗೊತ್ತಿಕೊಂಡು, ಸ್ವಲ್ಪ ಹೊತ್ತು ನಕ್ಕು ತಲೆಯಾಡಿಸಿ, "ಊಟ ಮಾಡುದ್ಲಾ ಕೇಳಿ" ಎಂದು ಫೋನನ್ನು ಮಾವನ ಕೈಗೆ ಕೊಟ್ಟರು. ಮಗಳು ಫೋನ್ ಮಾಡಿದ್ದಾಳೆ ಎಂದುಕೊಂಡಿದ್ದರು. ಮಾವನಿಗೂ ಆ ಸದ್ದು ಹಿಡಿಸಲಿಲ್ಲ. "ಅದು ಪಕ್ಕದ ಮನೆಯವನ ಏಟು ಕಣ್ಲಾ, ನಂದಲ್ಲ" ಎಂದರು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಅಜ್ಜೀಪುರದಲ್ಲಿ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುವವನೊಬ್ಬನಿದ್ದಾನೆ, ಅವನ ಕೀಬೋರ್ಡಿನಲ್ಲಿ ಎಲ್ಲ ಸದ್ದೂ ಬರುತ್ತದೆ ಎಂದು ಮಾವನ ತಲೆಗೆ ತುಂಬಿದರು. ವಾರದಲ್ಲಿ ಆರು ದಿನ ಹನೂರಿನ ಬಸ್ಸಿಗೆ ಜೋತುಬೀಳುವ ನಾನು ಏಳನೇ ದಿನವೂ ಅದೇ ಬಸ್ಸು ಹತ್ತಿ, ಹನೂರು ದಾಟಿ, ಮಾವನ ಜೊತೆ ಅಜ್ಜೀಪುರಕ್ಕೆ ಹೋದೆ. ಆತ ಪಾಪ ಜೋಳದ ಹೊಲದಿಂದ ಬಂದು, ಕೈ ತೊಳೆದು, ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದು ಒಂದೊಂದೇ ಗುಂಡಿ ಒತ್ತಿ ತೋರಿಸಿದ.

"ಮಳೆ ಅದೆ ಸಾ. ರೈಲು ಅದೆ. ನಾಯಿ ಬೊಗಳಾದು ಅದೆ. ಜನ ಚಪ್ಪಾಳೆ ತಟ್ಟಾದು ಅದೆ."

"ಮಗ್ಗ?" ಎಂದರು ಮಾವ.

ಆತ ಹುಡುಕಿದ. "ಎಲಿಕಾಪ್ಟ್ರು ಅದೆ ಸಾ."

ಮಾವ ಹೆಲಿಕಾಪ್ಟರನ್ನು ಎರಡು ಸಲ ಹಾಕಿಸಿ ಕೇಳಿ, "ಒಸಿ ನಿಧಾನಕ್ಕ ಓಡ್ಸುದ್ರೆ ಅತ್ರತ್ರ ಬತ್ತದೆ" ಎಂದು ತೀರ್ಪು ಕೊಟ್ಟರು. ನಮ್ಮನ್ನು ಸಾಗಹಾಕಿದರೆ ಸಾಕಾಗಿದ್ದ ಆತ, "ಕಂಪ್ಯೂಟ್ರಲ್ಲಿ ಪುಕ್ಕಟೆ ಸಿಂಥಸೈಸರ್ ಸಿಕ್ತವೆ ಸಾ. ಯಾವ ಸದ್ದು ಬೇಕೋ ನೀವೇ ನೇಯ್ಕಬೋದು" ಎಂದುಬಿಟ್ಟ. ನೇಯ್ದುಕೊಳ್ಳುವ ಮಾತನ್ನು ಆತ ಆಡಬಾರದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಪೂರ್ತಿ ದಾರಿ ನನ್ನ ತೋಳು ಹಿಡಿದುಕೊಂಡೇ ಕೂತಿದ್ದರು.

ಸಿಂಥಸೈಸರ್ ತನ್ನಷ್ಟಕ್ಕೆ ತಾನೇ ನಡೆಯುವುದು ಕಡಿಮೆ. ಅದನ್ನು ಕೂರಿಸಲು, ಸದ್ದುಗಳನ್ನು ಸಾಲಾಗಿ ಜೋಡಿಸಲು ಇನ್ನೊಂದು ಸಾಫ್ಟ್‌ವೇರ್ ಬೇಕು. ಅದೂ ಪುಕ್ಕಟೆ ಸಿಕ್ಕಿತು. ನಾನು ಅರ್ಧ ದಿನ ಓದಿ ತಿಳಿದುಕೊಂಡದ್ದನ್ನು ಮಾವ ಅರೆನಿಮಿಷದಲ್ಲಿ ಮುಗಿಸಿದರು: "ಅದು ಮಗ್ಗ, ಇದು ಲಾಳಿ. ಅಷ್ಟೇ ತಾನೇ?" ಅಷ್ಟೇ ಆಗಿದ್ದರೆ ನಾನೇಕೆ ಹೀಗೆ ಸೊರಗುತ್ತಿದ್ದೆ? ಕೀಲಿ ಒತ್ತಿದರೆ ಸದ್ದು ಅರೆಗಳಿಗೆ ತಡವಾಗಿ ಬರುತ್ತಿತ್ತು. "ಇದ್ಯಾನ್ಲಾ, ಕೊಳ್ಳೇಗಾಲದಲ್ಲಿ ಒತ್ತುದ್ರೆ ಮಧುವನಳ್ಳೀಲಿ ಬಡೀತದೆ?" ಎಂದು ಮಾವ ನನ್ನನ್ನೇ ತಪ್ಪಿತಸ್ಥನ ಹಾಗೆ ನೋಡಿದರು. ಕಂಪ್ಯೂಟರಿಗೆ ಸದ್ದನ್ನು ನಿಭಾಯಿಸುವ ಡ್ರೈವರ್ ಎಂಬ ಬೇರೊಂದು ಸಾಫ್ಟ್‌ವೇರ್ ಹಾಕಬೇಕೆಂದು ಪತ್ತೆಹಚ್ಚಲು ಮೂರು ಭಾನುವಾರ ಹಿಡಿಯಿತು. ನಾಲ್ಕನೇ ಭಾನುವಾರ ಸದ್ದು ಸಮಯಕ್ಕೆ ಬಂತು, ನನಗೆ ಜ್ವರ ಬಂತು.

ಇಷ್ಟಾದ ಮೇಲೆ ನಾನು ಮಾಡಿದ ದೊಡ್ಡ ತಪ್ಪೆಂದರೆ ಮಾವನಿಗೆ ಚೌಕಗಳನ್ನು ತೋರಿಸಿದ್ದು. ಸ್ವರ ತುಂಬಲು ಪರದೆಯ ಮೇಲೆ ಚೌಕ ಚೌಕದ ಹಾಳೆಯೊಂದು ತೆರೆದುಕೊಳ್ಳುತ್ತದೆ. ಎಡದಿಂದ ಬಲಕ್ಕೆ ಹೊತ್ತು ಸರಿಯುತ್ತದೆ, ಕೆಳಗಿಂದ ಮೇಲಕ್ಕೆ ದನಿ ಏರುತ್ತದೆ, ಬೇಕಾದ ಚೌಕ ಒತ್ತಿದರೆ ಅಲ್ಲೊಂದು ಸದ್ದು ಕೂರುತ್ತದೆ. ಇದನ್ನು ಯಾವ ನೇಕಾರನಿಗೂ ತೋರಿಸಬಾರದು. ಸೀರೆಯ ಅಂಚಿನ ಚಿತ್ರವನ್ನು ಅವರು ಮೊದಲು ಬರೆದುಕೊಳ್ಳುವುದೇ ಇಂಥ ಗ್ರಾಫ್ ಹಾಳೆಯ ಮೇಲೆ. ಮುಂದಿನ ಭಾನುವಾರ ಹೋದರೆ ಪರದೆಯ ಮೇಲೆ ಸಾಲಾಗಿ ಏಳು ಆನೆಗಳು ನಿಂತಿದ್ದವು, ಸೊಂಡಿಲು, ಬಾಲ, ಬೆನ್ನ ಮೇಲೆ ಅಂಬಾರಿ ಸಮೇತ. ವಾರವೆಲ್ಲ ಕೂತು ಒಂದೊಂದೇ ಚೌಕ ತುಂಬಿದ್ದರು. ನೋಡಲು ನಿಜಕ್ಕೂ ಚೆಂದವಿತ್ತು.

"ನೋಡಕ್ಕ ಚೆಂದ ಇದ್ಮೇಲೆ ಕೇಳಕ್ಕೂ ಚೆಂದ್ವಾಗೇ ಇರ್ಬೇಕಲ್ವಾ?" ಎಂಬುದು ಮಾವನ ತರ್ಕ.

ನುಡಿಸಿದೆ. ಏಳು ಆನೆಗಳ ಮೈಯಲ್ಲಿದ್ದ ಅಷ್ಟೂ ಸ್ವರಗಳು ಒಟ್ಟಿಗೆ ಅರಚಿಕೊಂಡವು. ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ಅತ್ತೆ ಮಾತ್ರ ಅಲ್ಲಾಡದೆ ಅಕ್ಕಿ ಆರಿಸುತ್ತಿದ್ದರು. ಮಾವ ಅವರ ಮುಖವನ್ನೇ ನೋಡುತ್ತಾ ನಿಂತು, "ಆನೆಗೂ ಜಗ್ಗಲಿಲ್ವಲ್ಲಾ ಇವ್ಳು" ಎಂದು ಕಂಪ್ಯೂಟರ್ ಆರಿಸಿದರು.

ಒಂದೊಂದು ಸಿಂಥಸೈಸರಿನೊಳಗೂ ಮೊದಲೇ ಮಾಡಿಟ್ಟ ನೂರಾರು ಸದ್ದುಗಳಿರುತ್ತವೆ. ತಲೆ ನೆಟ್ಟಗಿರುವವರು ಹತ್ತಿರದ್ದೊಂದನ್ನು ಆರಿಸಿಕೊಂಡು ತಿದ್ದಿಕೊಳ್ಳುತ್ತಾರೆ. ಮಾವ ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಒತ್ತುವರು, ಒತ್ತಿ ಅತ್ತೆಯ ಕಡೆ ತಿರುಗಿ ಕೈಸನ್ನೆಯಲ್ಲಿ ಕೇಳಿಸುತ್ತದಾ ಎಂದು ಕೇಳುವರು. ಅತ್ತೆ ನಗುತ್ತಾ ತಲೆಯಾಡಿಸುವರು. ನಿಜಕ್ಕೂ ಕೇಳಿಸಿತೋ, ಮಾವನ ಮನಸ್ಸು ನೋಯಬಾರದೆಂದು ಆಡಿಸಿದರೋ, ಹೇಗೆ ತಿಳಿಯುವುದು? ಒಂದು ದಿನ ಮಾವ ಯಾವ ಸದ್ದನ್ನೂ ಮಾಡದೆ ಬರೀ ಕೈಸನ್ನೆ ಮಾಡಿ ನೋಡಿದರು. ಅತ್ತೆ ನಗುತ್ತಾ ತಲೆಯಾಡಿಸಿದರು. ಆ ದಿನ ಮಾವ ಊಟ ಮಾಡಲಿಲ್ಲ.

ನನಗೂ ಸಾಕಾಗಿಹೋಗಿತ್ತು. "ಬಿಟ್ಬಿಡಿ ಮಾವ. ಅತ್ತೆಗೆ ಕೇಳ್ಸಲ್ಲ. ಇನ್ನು ಎಷ್ಟು ದಿನ ಹೀಗೆ?" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಎಳೆ ಕಡದ್ರೆ ಸೀರೆನೇ ಬಿಸಾಕ್ತೀವೇನ್ಲಾ? ಗಂಟಾಕಂಡು ಮುಂದಕ್ಕ ಓಯ್ತೀವಿ" ಎಂದು ಮತ್ತೆ ಮೌಸು ಹಿಡಿದರು.

ಅಂದಿನಿಂದ ಮಾವ ಸಿಂಥಸೈಸರಿನಲ್ಲಿ ಮೊದಲೇ ಇದ್ದ ಸದ್ದುಗಳನ್ನು ಬಿಟ್ಟು, ಏನೂ ಇಲ್ಲದ ಕಡೆಯಿಂದ ಶುರುಮಾಡಿದರು. ಏಟು ಎಷ್ಟು ಬೇಗ ಬೀಳಬೇಕು, ಎಷ್ಟು ಹೊತ್ತು ಉಳಿಯಬೇಕು, ಹೇಗೆ ಅಡಗಬೇಕು ಎಂಬುದಕ್ಕೆಲ್ಲ ಬೇರೆ ಬೇರೆ ತಿರುಗುಣಿಗಳಿವೆ. ಸಂಗೀತ ಬಲ್ಲವರೇ ತಡಕಾಡುವ ಆ ತಿರುಗುಣಿಗಳು ಮಾವನಿಗೆ ಸರಾಗವಾಗಿ ಒಗ್ಗಿದವು, ಏಕೆಂದರೆ ಅವರು ನಲವತ್ತು ವರ್ಷ ಅಂಥ ಏಟನ್ನೇ ಹೊಡೆದವರು. ಮೊದಲು ಕಾಲಿನ ತುಳಿತ ಬಂತು. ಆಮೇಲೆ ಲಾಳಿ. ಕೊನೆಗೆ ನೇಯ್ಗೆಯನ್ನು ಒತ್ತುವ ಏಟು. ಸಣ್ಣ ಸದ್ದನ್ನೆಲ್ಲ ಸೋಸಿ ತೆಗೆದು ದಪ್ಪವನ್ನಷ್ಟೇ ಉಳಿಸಿದರು. ಒಂದು ಹಳೇ ಸ್ಪೀಕರ್ ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಅದರ ಎರಡು ಬದಿಗೂ ಇಟ್ಟಿಗೆ ಕೊಟ್ಟು, ಏಟು ಬಿದ್ದಾಗ ಅದುರಲೆಂದು ಮೇಲೆ ಆ ಹಳೇ ಮಗ್ಗದ ಹಲಗೆ ಹಾಸಿದರು. "ಕಿವಿಗ ಓಗ್ದಿದ್ರೆ ಮೈಗಾದ್ರೂ ಓಗ್ಲಿ" ಎಂದರು.

ಎಲ್ಲ ಸಿದ್ಧವಾದ ಭಾನುವಾರ ಅತ್ತೆಯನ್ನು ಕರೆತರಲು ಮಾವ ಹಿತ್ತಿಲಿಗೆ ಹೋದರು. ಇತ್ತ ನಾನು ಫೈಲನ್ನು ಸೇವ್ ಮಾಡಲು ಹೋಗಿ, ತೂಕಡಿಕೆಯಲ್ಲಿ, ಎಲ್ಲೋ ಒಂದು ಚೌಕವನ್ನು ಅಳಿಸಿಬಿಟ್ಟೆ. ಸಾಲುಗಟ್ಟಲೆ ಚೌಕಗಳಲ್ಲಿ ಒಂದು. ಯಾವುದೆಂದು ಹುಡುಕುವಷ್ಟರಲ್ಲಿ ಇಬ್ಬರೂ ಬಂದರು. ಕಿವಿ ಕೇಳದವರಿಗೆ ಒಂದು ಏಟು ಹೆಚ್ಚಾದರೇನು, ಕಡಿಮೆಯಾದರೇನು ಎಂದುಕೊಂಡು ಬಾಯಿ ಮುಚ್ಚಿಕೊಂಡು ಕೂತೆ.

ಅತ್ತೆ ಅವರೆಕಾಯಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡೇ ಹಲಗೆಯ ಮೇಲೆ ಕೂತರು. ಮಾವ ಶುರುಮಾಡಿದರು. ಮೊದಲ ನಾಲ್ಕಾರು ಏಟಿಗೆ ಅತ್ತೆ ಎಂದಿನಂತೆ ನಗುತ್ತಾ ತಲೆಯಾಡಿಸಿದರು. ಆಮೇಲೆ ನಗು ನಿಂತಿತು. ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟು ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಬಲಗೈ ಮೇಲೆದ್ದು, ತನ್ನಷ್ಟಕ್ಕೆ ತಾನೇ, ಇಲ್ಲದ ರಾಟೆಯನ್ನು ಸಣ್ಣಗೆ ತಿರುಗಿಸತೊಡಗಿತು.

"ಎಳೆ ಕಡೀತು, ನೋಡ್ಕಳಿ," ಎಂದರು ಅತ್ತೆ.

ಆ ದನಿಯನ್ನು ನಾನು ಕೇಳಿ ವರ್ಷಗಳಾಗಿದ್ದವು. ಮಾವ ತಬ್ಬಿಬ್ಬಾಗಿ, "ಇಲ್ಲ ಕಣಾ, ಎಲ್ಲ ಸರ್ಯಾಗೇ ಅದೆ" ಎಂದು ಗೊಣಗಿದರು.

"ನಿಲ್ಸಿ ಅಂದ್ರೆ. ಕಡದದೆ. ಕಣ್ಣ ಎಲ್ಲಿಟ್ಕಂಡಿದ್ದರಿ?"

ನಾನು ತಪ್ಪೊಪ್ಪಿಕೊಂಡೆ. ಮಾವ ನನ್ನನ್ನು ಬೈಯಲೂ ಇಲ್ಲ. ಪರದೆಗೆ ಮುಖ ತಂದು, ಮಗ್ಗಕ್ಕೆ ಹಾಸಿದ ನೂಲಿನಲ್ಲಿ ಕಡಿದ ಎಳೆ ಹುಡುಕುವಂತೆ ಚೌಕಗಳ ಮೇಲೆ ಬೆರಳಾಡಿಸುತ್ತಾ ಹೋದರು. ಲಾಳಿಯ ಸಾಲಿನಲ್ಲಿ ಒಂದು ಚೌಕ ಖಾಲಿ ಇತ್ತು. ಅದನ್ನು ತುಂಬಿ ಮತ್ತೆ ಓಡಿಸಿದರು. ಅತ್ತೆ ಪೂರ್ತಿ ಕೇಳಿ, "ಊಂ. ಈಗ ಓಡ್ಲಿ" ಎಂದು ಮೊರ ಎತ್ತಿಕೊಂಡರು.

"ಬೈದ್ಲು ಕಣ್ಲಾ," ಎಂದರು ಮಾವ ನನ್ನ ಕಡೆ ತಿರುಗಿ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ಹೇಳಿದರು, "ಬೈದ್ಲು." ಅಷ್ಟು ದಿನ ಗೊಣಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಯಾರೂ ಕರೆಯದೆ ನಾನೇ ಹೋದೆ. ಅತ್ತೆ ಹಲಗೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಾ, "ಮತ್ತ ಕಡದದೆ, ನೋಡ್ಕಳಿ" ಎಂದು ಮಾವನನ್ನು ಗದರಿಸುತ್ತಿದ್ದರು. ನಾನು ಬಗ್ಗಿ ನೋಡಿದೆ. ಒಂದು ಚೌಕ ಖಾಲಿ. ಈ ಸಲ ನಾನು ಕಂಪ್ಯೂಟರ್ ಮುಟ್ಟಿಯೇ ಇರಲಿಲ್ಲ.

"ಏನ್ ಮಾವ, ಬೇಕಂತಲೇ ಅಳಿಸಿಟ್ಟಿದ್ದೀರಾ?" ಎಂದೆ.

ಮಾವ ಗಾಬರಿಯಿಂದ ಅತ್ತೆಯ ಕಡೆ ನೋಡಿ, ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಮೆಲ್ಗ ಮಾತಾಡ್ಲಾ, ಅವಳ್ಗ ಕೇಳ್ಬುಟ್ಟದು."