ಗುಮ್ಮಿಯ ನೀರೂ ಲಕ್ಷ್ಮಪ್ಪನ ಮೊಣಕಾಲೂ

ನಾಗಲಿಂಗ ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ರಸಾಯನಶಾಸ್ತ್ರದ ಮೇಷ್ಟ್ರು ನೋಡಿ. ಯಾರಾದರೂ 'ಏನಿದು' ಅಂದರೆ ಪಾಠ ಶುರುವಾಗಿಬಿಡುತ್ತದೆ.

ಇಳಕಲ್ಲಿನ ಅವನ ಓಣಿಯವರೆಲ್ಲ ಕುಡಿಯುವುದು ಮೂಲೆಯ ಗುಮ್ಮಿಯ ನೀರು. ಆ ತೊಟ್ಟಿಗೆ ನೀರೆತ್ತುವ ಬೋರಿನ ಪಕ್ಕದಲ್ಲೇ ಒಂದು ದವಾಖಾನೆಯ ಗಟಾರ. ನೀರಿಗಿಳಿದ ಔಷಧದ ಅಂಶವನ್ನು ಹೀರಿಕೊಳ್ಳುವ ಪಾಲಿಮರ್ ಕಾಳುಗಳನ್ನು ನಾಗಲಿಂಗ ಆರು ವರ್ಷ ಒದ್ದಾಡಿ ತಯಾರಿಸಿದ್ದ. ಅವನ್ನು ತುಂಬಿಟ್ಟ ಸ್ಟೀಲಿನ ಡಬ್ಬಿಯನ್ನು ನಿನ್ನೆ, ಅವನು ಕಾಲೇಜಿಗೆ ಹೋಗಿದ್ದಾಗ, ಪ್ಲಂಬರ್ ಬಂದು ಗುಮ್ಮಿಯ ನಳಕ್ಕೆ ಕೂಡಿಸಿ ಹೋಗಿದ್ದ. ಇವತ್ತು ಸಂಜೆ ಧಾರವಾಡದಿಂದ ಗೈಡ್ ಅನಿಲಕುಮಾರ ಸರ್ ನೋಡಲು ಬರುವವರಿದ್ದರು. ಓಣಿಯಲ್ಲಿ ಡಬ್ಬಿ ಕೆಲಸ ಮಾಡಿದರೆ ಪಿಎಚ್‌ಡಿ. ಇಲ್ಲದಿದ್ದರೆ ಆರು ವರ್ಷ ನೀರಿನಲ್ಲಿ ಹೋಮ.

"ಏನಲೇ ಇದು?" ಎಂದು ಪಕ್ಕದ ಮನೆಯ ನೇಕಾರ ಲಕ್ಷ್ಮಪ್ಪ ನಿನ್ನೆ ಕೇಳಿದ್ದ. ಹೇಳಬಾರದಿತ್ತು, ಹೇಳಿದ.

"ಕಾಕಾ, ನಮ್ಮ ನೀರಾಗ ನೋವಿನ ಗುಳಿಗಿ ಕರಗಿರ್ತೈತ್ರಿ. ಈ ಡಬ್ಬಿ ಅದನ್ನ ಹೀರ್ಕೊಂತೈತಿ."

ಬೆಳಗಾಗುವುದೇ ತಡ, ಲಕ್ಷ್ಮಪ್ಪ ಬಾಗಿಲಲ್ಲಿ ಹಾಜರು. "ಲೇ ನಾಗ್ಯಾ, ನಲವತ್ತ ವರ್ಷ ಮಗ್ಗದಾಗ ಕುಂತೇನಿ, ಒಂದಿನಾನೂ ಮೊಣಕಾಲ ನೋವು ಅಂದಾಂವಲ್ಲ. ಇವತ್ತ ಮ್ಯಾಲ ಏಳಾಕ ಆಗವಲ್ದು. ನಮ್ಮ ಗುಳಿಗಿ ನಮಗ ಕೊಡು!"

ಅವನ ಮೊಣಕಾಲಿನ ಪುರಾಣ ಕೇಳದವರು ಓಣಿಯಲ್ಲಿ ಯಾರೂ ಇರಲಿಲ್ಲ. ಆದರೂ ನಾಗಲಿಂಗ ಸಮಾಧಾನ ಹೇಳಿದ. "ಕಾಕಾ, ನೀರಾಗ ಇರೋದು ಭಾಳ ಅಂದ್ರ ಭಾಳ ಸಣ್ಣ ಅಂಶರಿ."

"ಅಷ್ಟ ಸಣ್ಣದಿದ್ರ ಯಾಕ ತಗದಿ?"

ನಾಗಲಿಂಗ ಲೆಕ್ಕ ಬಿಡಿಸಿ ತೋರಿಸಲು ಪೆನ್ನು ಹುಡುಕತೊಡಗಿದ.

ಲಕ್ಷ್ಮಪ್ಪನ ಬೆನ್ನಿಗೇ ರೇಷ್ಮೆ ಸುತ್ತುವ ಖೈರುನಬಿ ಭುಜ ಹಿಡಿದುಕೊಂಡು ಬಂದಳು. "ಅಣ್ಣಾ, ಕೈ ಎತ್ತಾಕ ಬರವಲ್ದು. ಇಷ್ಟ ದಿನ ಖುದಾ ಪುಕ್ಕಟೆ ದವಾ ಕೊಟ್ಟಿದ್ದ, ನೀವು ಕಸ್ಗೊಂಡ್ರಲ್ರಿ!" ಮಧ್ಯಾಹ್ನದೊಳಗೆ ಸೊಂಟ, ಹಲ್ಲು, ಹಿಮ್ಮಡಿ, ಓಣಿಯಲ್ಲಿ ನೋಯದ ಅಂಗವೇ ಉಳಿಯಲಿಲ್ಲ. ಲಕ್ಷ್ಮಪ್ಪನ ಎಮ್ಮೆ ಒದ್ದದ್ದಕ್ಕೂ ಡಬ್ಬಿಯೇ ಕಾರಣವಾಯಿತು.

ಸಂಜೆ ಸರ್ ಬಂದರೆ ಗತಿಯೇನು ಎಂದು ನಾಗಲಿಂಗ ಹೆದರಿದ. ಆ ಹೆದರಿಕೆಯ ಒಳಗೇ ಒಂದು ಕಳ್ಳ ಸಂತೋಷ: ಇಷ್ಟು ಜನಕ್ಕೆ ನೋವೆಂದರೆ ಕಾಳು ಕೆಲಸ ಮಾಡುತ್ತಿದೆ! ಅಷ್ಟರಲ್ಲಿ ಲಕ್ಷ್ಮಪ್ಪ ನಟ್ಟು ತಿರುವುವ ಪಾನಾ ಹಿಡಿದು, ಡಬ್ಬಿ ಬಿಚ್ಚಲು ಗುಮ್ಮಿಯ ಕಡೆ ಹೊರಟದ್ದು ಕಂಡಿತು.

"ಕಾಕಾ, ಕಾಲ ಬೀಳ್ತೇನಿ, ಸಂಜೀತನಕ ತಡೀರಿ!"

"ನಾ ತಡೀತೇನಪ. ಮೊಣಕಾಲ ತಡೀಬೇಕಲ್ಲೋ?"

ನಾಗಲಿಂಗ ಮೆಡಿಕಲ್ ಅಂಗಡಿಗೆ ಓಡಿದ. ಒಂದು ಚೀಲ ನೋವಿನ ಗುಳಿಗೆ ತಂದು, ಗುಮ್ಮಿಯ ಮುಂದೆ ನಿಂತು ಒಬ್ಬೊಬ್ಬರಿಗೂ ಹಂಚತೊಡಗಿದ. "ಸರ್ ಬಂದಾಗ ಡಬ್ಬಿ ಚಲೋ ಐತಿ ಅನ್ರಿ, ಅಷ್ಟ ಸಾಕು" ಎಂದು ಗೋಗರೆದ. ಪ್ರಸಾದಕ್ಕೆ ನಿಂತ ಹಾಗೆ ಸಾಲು ಬೆಳೆಯಿತು.

"ನೀರಾಗಿನ ಔಷಧ ತಗ್ಯಾಂವಾ ನೀ, ಈಗ ಕೈಲೆ ಹಂಚಾಕತ್ತೀಯೇನು?"

ಹಿಂದೆ ಅನಿಲಕುಮಾರ ಸರ್ ನಿಂತಿದ್ದರು. ಗುಳಿಗೆ ನುಂಗಿದ್ದ ಲಕ್ಷ್ಮಪ್ಪನೇ ಮುನ್ನುಗ್ಗಿದ. "ಸಾಹೇಬ್ರ, ಈ ಡಬ್ಬಿ ಹಚ್ಚಿದಾಗಿಂದ ಓಣಿಗೆ ಓಣೀನ ಮೈ ಮುರಕೊಂಡು ಬಿದ್ದೈತ್ರಿ!"

ಮುಗಿಯಿತು ಎಂದು ನಾಗಲಿಂಗ ಕಣ್ಣು ಮುಚ್ಚಿದ. ಸರ್ ಅವನ ಬೆನ್ನು ಚಪ್ಪರಿಸಿದರು. "ಭಲೆ! ಒಂದ ರಾತ್ರ್ಯಾಗ ಇಷ್ಟ ಹೀರೇತೇನು? ಜನಕ್ಕ ನಾಳೆ ರೂಢಿ ಆಗ್ತೈತಿ ಬಿಡು. ನಿನ್ನ ಪಿಎಚ್‌ಡಿ ಆತು ಅನ್ಕೋ. ಒಂದ ಹಿಡಿ ಕಾಳು ಕೊಡು, ಲ್ಯಾಬಿಗೆ ಒಯ್ತೇನಿ."

ನಾಗಲಿಂಗನಿಗೆ ಖುಷಿಗೆ ಕಣ್ಣಲ್ಲಿ ನೀರು ಬಂತು. ನಳ ಬಂದ್ ಮಾಡಿ, ಲಕ್ಷ್ಮಪ್ಪನ ಪಾನಾ ಕಸಿದುಕೊಂಡು ಮುಚ್ಚಳ ತಿರುವಿ ಕೈ ಹಾಕಿದ. ಡಬ್ಬಿಯ ತಳ ಸಿಕ್ಕಿತು. ಬಗ್ಗಿ ನೋಡಿದ. ಒಳಗೆ ಕಂಡದ್ದು ಅವನ ಮುಖ ಮಾತ್ರ, ಸ್ಟೀಲು ಅಷ್ಟು ಲಕಲಕ ಹೊಳೆಯುತ್ತಿತ್ತು.

"ಕಾಳೆಲ್ಲಿ?" ಎಂದರು ಸರ್.

ಗುಳಿಗೆಯ ಸಾಲಿನಲ್ಲಿ ಸೊಂಟ ಹಿಡಿದು ನಿಂತಿದ್ದ ನಾಗಲಿಂಗನ ಅವ್ವ ಸಾವಿತ್ರೆವ್ವ ಮುಂದೆ ಬಂದಳು. "ಹೊಸಾ ಭಾಂಡೆ ತೊಳೀದ ಯಾರರ ನೀರು ಹಿಡೀತಾರೇನೋ? ನಿನ್ನೆ ಪ್ಲಂಬರ ಬರೋದ್ರಾಗ ನಾನ ಹುಣಸಿಹಣ್ಣ ಹಚ್ಚಿ ತಿಕ್ಕಿಟ್ಟೆ. ಒಳಗ ಸಾಬೂದಾನಿಯಂಥಾ ಕಾಳ ಇದ್ವು. ಕುದಿಸಿ ನೋಡಿದೆ, ಮೆತ್ತಗಾಗಲಿಲ್ಲ. ತಿಪ್ಪಿಗೆ ಚೆಲ್ಲಿದೆ."

ಸಾಲಿನಲ್ಲಿದ್ದವರೆಲ್ಲ ಡಬ್ಬಿಯೊಳಗೆ ಇಣುಕಿದರು.

"ಹಂಗಾರ ನಾವು ಕುಡದದ್ದು ಮೊದಲಿನ ನೀರ ಏನು?" ಲಕ್ಷ್ಮಪ್ಪ ನೆಟ್ಟಗೆ ನಿಂತ, ಅತ್ತಿತ್ತ ನಡೆದು ನೋಡಿದ. "ಅಯ್ಯ, ನೋವ ಇಲ್ಲಲ್ಲೋ!" ಖೈರುನಬಿಯ ಕೈ ಸಲೀಸಾಗಿ ತಲೆಯ ಮೇಲೆ ಹೋಯಿತು.

ಸರ್ ಕಾರು ಹತ್ತಿದರು. ನಾಗಲಿಂಗ ಗುಮ್ಮಿಯ ಕಟ್ಟೆಯ ಮೇಲೆ ಕುಸಿದು ಕೂತ. ತಲೆ ಸಿಡಿಯುತ್ತಿತ್ತು. ಚೀಲದಲ್ಲಿ ಕೈಯಾಡಿಸಿದ, ಗುಳಿಗೆ ಒಂದೂ ಉಳಿದಿರಲಿಲ್ಲ.

"ಗುಳಿಗಿ ಯಾಕೋ ತಮ್ಮಾ?" ಲಕ್ಷ್ಮಪ್ಪ ನಳ ತಿರುವಿ, ತಂಬಿಗೆ ತುಂಬಿ ಅವನ ಬಾಯಿಗೆ ಹಿಡಿದ. "ಎರಡ ತಂಬಿಗಿ ಕುಡಿ. ಇದರಾಗ ಐತಿ ಅಂತ ನೀನ ಹೇಳೀದಿ."