ಸೇಫ್ಟಿ ಭಾವನ ದ್ವೀಪಯಾತ್ರೆ

ನಮ್ಮ ಭಾವ ತಮ್ಮ ಮದುವೆಯಲ್ಲಿ ಹೋಮಕುಂಡದ ಪಕ್ಕ ಎರಡು ಬಕೆಟ್ ಮರಳು ಇಡಿಸಿದವರು. ನಂಬುವುದಿಲ್ಲವೇ? ಫೋಟೋ ಇದೆ! ಭಟ್ಟರು ತುಪ್ಪ ಸುರಿಯುತ್ತಿದ್ದಾರೆ, ಅಕ್ಕ ತಲೆ ತಗ್ಗಿಸಿ ಕೂತಿದ್ದಾಳೆ, ಭಾವ ಮಾತ್ರ ಓರೆಗಣ್ಣಿನಲ್ಲಿ ಬಕೆಟ್ ನೋಡುತ್ತಿದ್ದಾರೆ.

ಆಗಿನ್ನೂ ಅವರು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಸಾಮಾನ್ಯ ನೌಕರ. ಅವರ ಪ್ರತಿಭೆಯನ್ನು ಗುರುತಿಸಿದ್ದು ಓಮಾನಿನ ತೈಲಬಾವಿಗಳು. ಈಗ ನಾನೂ ಇರುವ ಮಸ್ಕತ್ತಿಗೆ ಬಂದು ಸೇಫ್ಟಿ ಆಫೀಸರ್ ಆದರು. ಇಪ್ಪತ್ತಾರು ವರ್ಷಗಳಿಂದ ಜನರಿಗೆ ಹೆಲ್ಮೆಟ್ ಹಾಕಿಸುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಅದೇ ಕೆಲಸ ಪುಕ್ಕಟೆ. ರೂವಿ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ದೋಸೆ ಕಾವಲಿಯ ಹಿಡಿ ಯಾವ ದಿಕ್ಕಿಗೆ ತಿರುಗಿರಬೇಕು ಎಂಬುದಕ್ಕೂ ನಿಯಮವಿದೆ.

ಒಮ್ಮೆ ನಾವು ಮೂವರೂ ಮತ್ರಾದ ಸೂಕಿಗೆ, ಅಂದರೆ ಹಳೇ ಪೇಟೆಗೆ, ಹೊರಟಿದ್ದೆವು. ಕಾರು ನಿಲ್ಲಿಸಿ ಭಾವ ಅಪ್ಪಣೆ ಕೊಟ್ಟರು: "ನೋಡಿ, ಒಬ್ಬರಿಗೊಬ್ಬರು ತಪ್ಪಿಸಿಕೊಂಡ್ರೆ ಗಾಬರಿ ಬೇಡ. ಬೆಳ್ಳಿ ಅಂಗಡಿ ಎದುರು ಬಂದು ನಿಂತ್ಕೊಳ್ಳಿ." ಮತ್ರಾದ ಗಲ್ಲಿಗಳಲ್ಲಿ ಬೆಳ್ಳಿ ಅಂಗಡಿಗಳಿಗೆ ಬರವೇ? ಅವತ್ತು ನಾವು ಮೂವರೂ ಮೂರು ಬೆಳ್ಳಿ ಅಂಗಡಿಗಳ ಎದುರು ಮುಕ್ಕಾಲು ಗಂಟೆ ಶಿಸ್ತಾಗಿ ನಿಂತಿದ್ದೆವು!

ಹೋದ ವರ್ಷ ಅವರ ಮದುವೆಗೆ ಮೂವತ್ತು ತುಂಬಿತು. ಏನು ಬೇಕು ಎಂದು ಭಾವ ಕೇಳಿದರು. ಅಕ್ಕನ ಉತ್ತರ ತಯಾರಾಗಿಯೇ ಇತ್ತು.

"ಬಂಗಾರ ಎಲ್ಲ ಬೇಡ ಮಾರಾಯ್ರೆ. ಗ್ರೀಸಿನ ಒಂದು ದ್ವೀಪಕ್ಕೆ ಹೋಗುವ. ಹಳೇ ಕೋಟೆ ನೋಡುವ, ಒಳ್ಳೆ ಊಟ ಮಾಡುವ, ಕಡಲಿಗೆ ಹೋಗುವ. ಅಷ್ಟೇ."

"ದ್ವೀಪ ಅಂದ್ರೆ ನಾಲ್ಕೂ ಕಡೆ ನೀರು ಕಣೇ! ಏನಾದ್ರೂ ಆದ್ರೆ ಯಾವ ಕಡೆಗೆ ಓಡೋದು?"

ಆದರೂ ಮೂರು ವಾರ ಕೂತು ಓದಿದರು. ಕೊನೆಗೆ ಆರಿಸಿದ್ದು ರೋಡ್ಸ್ ದ್ವೀಪವನ್ನು. ಅಲ್ಲಿನ ಹಳೇ ಪಟ್ಟಣದ ಸುತ್ತ ನೂರಾರು ವರ್ಷಗಳ ಹಿಂದಿನ ಕೋಟೆಗೋಡೆ ಇದೆ, ಅದರಾಚೆ ಕಂದಕವೂ ಇದೆ. "ಕಾಂಪೌಂಡ್ ಚೆನ್ನಾಗಿದೆ," ಎಂದರು. ಸಾಮಾನು ಹೊರುವುದಕ್ಕೆ ಮತ್ತು ತುರ್ತು ಸಂದರ್ಭದಲ್ಲಿ ಸಾಕ್ಷಿಯಾಗಿರುವುದಕ್ಕೆ ನನ್ನನ್ನೂ ಸೇರಿಸಿಕೊಂಡರು.

ಹೋಟೆಲ್ಲಿಗೆ ಕಾಲಿಟ್ಟ ಕೂಡಲೇ ಭಾವ ಮೇಜಿನಾಚೆ ಕೂತಿದ್ದ ಅಜ್ಜನನ್ನು ಕೇಳಿದರು: "ಫೈರ್ ಎಕ್ಸಿಟ್?"

"ನೇ, ನೇ!" ಎಂದ ಅಜ್ಜ, ನಗುತ್ತಾ.

"ಎಲಾ ಇವನ! ಇಲ್ಲ ಅಂತ ನಗ್ತಾ ಹೇಳ್ತಾನಲ್ಲ! ಹೊಗೆ ಬಂದ್ರೆ ಅಲಾರಂ?"

"ನೇ!"

ಭಾವ ಪೆಟ್ಟಿಗೆ ಎತ್ತಿಕೊಂಡು ಬೀದಿಗಿಳಿದೇಬಿಟ್ಟರು. ಗ್ರೀಕ್ ಭಾಷೆಯಲ್ಲಿ 'ನೇ' ಎಂದರೆ 'ಹೌದು' ಎಂದು ಅಕ್ಕ ಫೋನಿನಲ್ಲಿ ತೆಗೆದು ತೋರಿಸುವ ಹೊತ್ತಿಗೆ ಅವರು ಬೇರೆ ಹೋಟೆಲ್ಲಿನ ಬಾಗಿಲಲ್ಲಿದ್ದರು. ಅಲ್ಲಿಯೂ ಅದೇ 'ನೇ'!

ಮಾರನೆಯ ದಿನ ಬಂದರಿಗೆ ಹೋದೆವು. ಪ್ರಾಚೀನ ಕಾಲದಲ್ಲಿ ಅಲ್ಲಿ ಆಕಾಶದೆತ್ತರದ ಕಂಚಿನ ಪ್ರತಿಮೆಯೊಂದಿತ್ತು, ಲೋಕದ ಏಳು ಅದ್ಭುತಗಳಲ್ಲಿ ಒಂದು, ಭೂಕಂಪಕ್ಕೆ ಮುರಿದು ಬಿತ್ತು ಎಂದು ಗೈಡ್ ಹುಡುಗಿ ಎದೆ ತುಂಬಿ ಹೇಳಿದಳು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಭಾವ ಕೇಳಿದರು: "ಬಿದ್ದಾಗ ಕೆಳಗೆ ಯಾರಾದ್ರೂ ಇದ್ರಾ?" ಆ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲವಂತೆ.

ಊಟದ ಸಂಗತಿ ಇನ್ನೂ ಸ್ವಾರಸ್ಯ. ಕಡಲೆ ಅರೆದು, ಈರುಳ್ಳಿ, ಪುದೀನ ಹಾಕಿ ಎಣ್ಣೆಯಲ್ಲಿ ಕರಿದ ತಿಂಡಿಯೊಂದು ಬಂತು. "ಇದು ನಮ್ಮ ಅಂಬಡೆಯೇ ಅಲ್ವನಾ!" ಎಂದು ಅಕ್ಕ ನಾಲ್ಕು ಮುಗಿಸಿದಳು. ಭಾವ ಮುಟ್ಟಲಿಲ್ಲ. ಸೀದಾ ಅಡಿಗೆಮನೆಗೆ ನುಗ್ಗಿ, ಬಾಣಲೆಯ ಎಣ್ಣೆ ನೋಡಿ, ಗ್ಯಾಸಿನ ಪೈಪು ಎಳೆದು ನೋಡಿ ತಿರುಗಿ ಬಂದರು. ಅವರ ಹಿಂದೆಯೇ ಮಾಲೀಕ ಎರಡು ತಟ್ಟೆ ಹೆಚ್ಚಿಗೆ ಹಿಡಿದು ಬೆವರುತ್ತಾ ಬಂದ. ಆರೋಗ್ಯ ಇಲಾಖೆಯವರು ಎಂದುಕೊಂಡಿದ್ದನಂತೆ!

ಕೊನೆಯ ದಿನ ಕಡಲು.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಮಲ್ಪೆ ಕಡೆಯವರು. ನನಗೆ ಈಜು ಕಲಿಸಿದವಳೇ ಅಕ್ಕ. ಭಾವನಿಗೆ ಈಜು ಬಾರದು, ನೀರೆಂದರೆ ಜೀವಭಯ. ಹಾಗಾಗಿ ಖುರುಮಿನ ಕಡಲತೀರ ಮನೆಯಿಂದ ಕಾರಿನಲ್ಲಿ ಕಾಲು ಗಂಟೆಯ ದಾರಿಯಾದರೂ ಅಕ್ಕನ ಪಾದದ ಮೇಲೆ ನೀರು ಏರಿದ್ದಿಲ್ಲ.

ಅವತ್ತು ಅವಳು ಚಪ್ಪಲಿ ಕಳಚಿಟ್ಟಳು. "ನೀವು ಇಲ್ಲಿಯೇ ಕೂತ್ಕೊಳ್ಳಿ," ಎಂದಳು. ಚೂಡಿದಾರದಲ್ಲಿಯೇ ಸರಸರ ನೀರಿಗಿಳಿದಳು. ಮೊಣಕಾಲು, ಸೊಂಟ, ಭುಜ! ಭಾವ ಎದ್ದು ನಿಂತರು. ಜೇಬಿನಿಂದ ಕೆಲಸದ ಜಾಗದ ಸೀಟಿ ತೆಗೆದು, ಉಸಿರಿದ್ದಷ್ಟೂ ಊದಿದರು.

ಕ್ಷಣದಲ್ಲಿ ಇಡೀ ಕಡಲು ಖಾಲಿಯಾಯಿತು. ಜರ್ಮನರು, ಇಟಲಿಯವರು, ಮಕ್ಕಳು, ಮುದುಕರು, ಎಲ್ಲರೂ ದಡಕ್ಕೆ ಓಡಿ ಬಂದು ಶಾರ್ಕ್ ಎಲ್ಲಿ ಎಂದು ಹುಡುಕತೊಡಗಿದರು. ನೀರಿನಲ್ಲಿ ಉಳಿದವಳು ಅಕ್ಕ ಒಬ್ಬಳೇ! ಅಂಗಾತ ಮಲಗಿ, ಆಕಾಶ ನೋಡುತ್ತಾ ತೇಲುತ್ತಿದ್ದಳು. ಭಾವ ಬೂಟು ಹಾಕಿಕೊಂಡೇ ಮೊಣಕಾಲುದ್ದ ನೀರಿನಲ್ಲಿ ನಿಂತು, ಅವಳ ಮೇಲಿಟ್ಟ ಕಣ್ಣು ಕೀಳಲಿಲ್ಲ.

ಅರ್ಧ ಗಂಟೆಯ ನಂತರ ಅಕ್ಕ ಮೇಲೆ ಬಂದಳು. ಕೂದಲೆಲ್ಲ ಮುಖಕ್ಕೆ ಅಂಟಿತ್ತು. ನಗುತ್ತಿದ್ದಳು. ಆ ಮುಖವನ್ನು ನಾನು ಕೊನೆಯ ಸಲ ನೋಡಿದ್ದು ಅವಳ ಮದುವೆಗೆ ಮೊದಲು. ಭಾವ ಟವೆಲ್ ಕೊಟ್ಟರು. ಮಸ್ಕತ್ ತಲುಪುವವರೆಗೂ ಅವರದು ಮೌನವೇ. "ಭಾರೀ ಕೋಪ ಬಂದಿದೆ," ಎಂದು ಅಕ್ಕ ವಿಮಾನದಲ್ಲಿ ಪಿಸುಗುಟ್ಟಿದಳು.

ತಿಂಗಳಾದ ಮೇಲೆ ಅವಳ ಫೋನು ಬಂತು. "ಇವರಿಗೆ ಎಂತದೋ ಆಗಿದೆ ಮಾರಾಯ. ಪ್ರತೀ ಶನಿವಾರ ಬೆಳಿಗ್ಗೆ ಬ್ಯಾಗ್ ತಗೊಂಡು ಹೋಗ್ತಾರೆ. ಬರುವಾಗ ಕಣ್ಣು ಕೆಂಪು. ಕೇಳಿದ್ರೆ ಹೇಳುದಿಲ್ಲ. ನೀನೊಮ್ಮೆ ನೋಡು."

ಮುಂದಿನ ಶನಿವಾರ ಅವರ ಕಾರಿನ ಹಿಂದೆ ನನ್ನ ಕಾರು ಬಿಟ್ಟೆ. ಖುರುಮಿನ ಒಂದು ಹೋಟೆಲ್ಲಿನ ಈಜುಕೊಳದ ಮುಂದೆ ಅವರ ಕಾರು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದೆ. ಕೊಳದಲ್ಲಿ ಏಳೆಂಟು ವರ್ಷದ ಎಂಟು ಮಕ್ಕಳು. ಅವರ ಸಾಲಿನಲ್ಲಿ ಒಂಬತ್ತನೆಯವರು ಐವತ್ತೇಳು ವರ್ಷದ ನಮ್ಮ ಭಾವ, ತೋಳಿಗೆ ಗಾಳಿ ತುಂಬಿದ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಂಡು! "ಕಿಕ್, ಅಂಕಲ್, ಕಿಕ್!" ಎಂದು ಕೋಚ್ ಕೂಗುತ್ತಿದ್ದ.

ನನ್ನನ್ನು ಕಂಡು ಭಾವ ಅಂಚಿಗೆ ಬಂದು ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡರು. ಸ್ವಲ್ಪ ಹೊತ್ತು ಕೆಮ್ಮಿದರು.

"ಅವತ್ತು ಅವಳ ಮುಖ ನೋಡಿದ್ಯಾ?"

"ನೋಡಿದೆ ಭಾವ."

"ಮೂವತ್ತು ವರ್ಷದಲ್ಲಿ ಆ ಮುಖ ನನಗೆ ಗೊತ್ತೇ ಇರಲಿಲ್ಲ ಕಣಯ್ಯ. ಇನ್ನು ಮೇಲೆ ಅವಳು ನೀರಿಗೆ ಇಳೀತೀನಿ ಅಂದ್ರೆ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಇಳೀಲಿ. ಆದ್ರೆ ಒಬ್ಬಳನ್ನೇ ಹೇಗೆ ಬಿಡೋದು ಹೇಳು?"

ಕೋಚ್ ಕರೆದ. ಮಕ್ಕಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಭಾವ ಒಮ್ಮೆ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಹಿಡಿದಿದ್ದ ಕಲ್ಲಿನಿಂದ ಕೈ ಬಿಟ್ಟರು.