ಅತ್ತೆ ಮರಿಗೆ ಮನೆ ನೋಡಿದ್ದು

ನಮ್ಮ ಸೋದರತ್ತೆಗೆ ಇರುವವರೆಲ್ಲ ಗಂಡುಮಕ್ಕಳು. ಆದರೂ ಈ ವರ್ಷ ಒಂದು ಹೆಣ್ಣನ್ನು ಒಳ್ಳೆ ಮನೆಗೆ ಸೇರಿಸಲು ಆಕೆ ಪಟ್ಟ ಪಾಡು ಮನೆತುಂಬ ಹೆಣ್ಣು ಹೆತ್ತವರೂ ಪಟ್ಟಿರಲಿಕ್ಕಿಲ್ಲ! ಹೆಣ್ಣು ಯಾರು ಅಂತೀರಾ? ಅಂಗೈಯಷ್ಟು ಬೆಕ್ಕಿನ ಮರಿ.

ಕ್ಯಾತನಹಳ್ಳಿಯಲ್ಲಿ ಅತ್ತೆಯ ಕಬ್ಬು ಕಡಿಯುವಾಗ ಗದ್ದೆಯಲ್ಲಿ ಸಿಕ್ಕಿದ್ದು. ತಾಯಿಯ ಸುಳಿವಿಲ್ಲ. ಅತ್ತೆ ಸೆರಗಲ್ಲಿ ಸುತ್ತಿ ತಂದು, ಹತ್ತಿಯಲ್ಲಿ ಹಾಲು ಹಿಂಡಿ ಬದುಕಿಸಿದರು. ಬದುಕಿದ್ದೇ ತಡ, ಅದು ಮಾವನ ಪಂಚೆಗೆ ಜೋತುಬಿದ್ದು ಉಯ್ಯಾಲೆ ಆಡತೊಡಗಿತು! ತೊಂದರೆ ಒಂದೇ, ಮನೆಯ ಗಂಡುಬೆಕ್ಕು. ಎರಡು ಸಲ ಮರಿಯ ಕುತ್ತಿಗೆಗೇ ಬಾಯಿ ಹಾಕಿತ್ತು. ಬೇಗ ಬೇರೆ ಮನೆ ಸಿಗದಿದ್ದರೆ ಮರಿ ಉಳಿಯುವ ಹಾಗಿರಲಿಲ್ಲ.

"ಯಾರಿಗಾದ್ರೂ ಕೊಟ್ಬುಡಿ ಅತ್ತೆ" ಅಂದೆ.

"ಕೊಟ್ಬುಡಕ್ಕೆ ಅದೇನು ಕುಂಬಳಕಾಯಾ? ಮನೆ ನೋಡ್ಬೇಡ್ವೇನ್ಲಾ?"

ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುತ್ತಾರೆ. ಒಪ್ಪಿಗೆಯಾಗುವವರೆಗೆ ಅಲ್ಲಿ ಉಣ್ಣುವುದಿಲ್ಲ. ಉಂಡರೆ ಸಂಬಂಧ ಒಪ್ಪಿದಂತೆ. ಅತ್ತೆ ಅದನ್ನು ಇನ್ನೂ ಬಿಗಿ ಮಾಡಿ ನೀರನ್ನೂ ಬಿಟ್ಟರು. ಬುಟ್ಟಿಯಲ್ಲಿ ಮರಿ, ಹಿಂದೆ ಅತ್ತೆ, ಸ್ಕೂಟರು ನಂದು. ಕರ್ಮ ನೋಡಿ, ನನಗೂ ನೀರಿಲ್ಲ!

ಮೊದಲು ಶ್ರೀರಂಗಪಟ್ಟಣ. ಹೊಳೆಯ ಹತ್ತಿರ ಚೆಂದದ ಮನೆ. ಮರಿ ಬುಟ್ಟಿಯಿಂದ ಹಾರಿ ಕಿಟಕಿ ಪರದೆ ಹತ್ತಿತು. ಯಜಮಾನರು ಪಾಪ, ನಕ್ಕರು. ನಾನು ದೇವರಿಗೆ ಕೈಮುಗಿಯುವಷ್ಟರಲ್ಲಿ ಅತ್ತೆ ಎದ್ದೇಬಿಟ್ಟರು. ಹೊರಗೆ ಬಂದು ಹೇಳಿದರು: "ಆ ಸೋಫಾದ ಪ್ಲಾಸ್ಟಿಕ್ಕೇ ಇನ್ನೂ ಬಿಚ್ಚಿಲ್ಲ. ಉಗುರಿರೋ ಮಗೀನ ಇವ್ರೇನು ಸಾಕ್ತಾರು?"

ಆಮೇಲೆ ನಾಗಮಂಗಲ. ಮನೆಯಾಕೆ ಕೇಳಿದ್ದೇ "ಇಲಿ ಚೆನ್ನಾಗಿ ಹಿಡೀತದಾ?" ಅಂತ.

"ನಿಮ್ಗೆ ಮಗಳು ಬೇಕೋ, ಆಳು ಬೇಕೋ?" ಅಂದರು ಅತ್ತೆ.

ಮುಗೀತಲ್ಲ! ಒಳಗೆ ಕಾಫಿ ಕುದಿಯುತ್ತಿತ್ತು. ಅದರ ವಾಸನೆ ಮಾತ್ರ ನನ್ನ ಪಾಲಿಗೆ ಬಂತು.

ಕೊನೆಗೆ ಕೆ.ಆರ್. ಪೇಟೆ ದಾಟಿ ಮಾಕವಳ್ಳಿ. ಸಕ್ಕರೆ ಕಾರ್ಖಾನೆಗೆ ಹೋಗುವವನೊಬ್ಬನ ಹೆಂಡತಿ ಬಾಗಿಲಲ್ಲೇ "ಬನ್ನಿ ಅಕ್ಕ, ಉಪ್ಸಾರು ಮಾಡಿವ್ನಿ, ಉಂಡ್ಕಂಡು ಮಾತಾಡಾನ" ಅಂದಳು.

"ಈಗ್ತಾನೆ ಉಂಡ್ಕಂಡು ಬಂದ್ವಿ ಕಣವ್ವ" ಎಂದು ಅತ್ತೆ ಹಸಿ ಸುಳ್ಳು ಹೇಳಿದರು. ನನ್ನ ಹೊಟ್ಟೆ ಗುರ್ ಅಂತು.

ಬಾವಿ ಮುಚ್ಚಿದೆಯಾ, ನಾಯಿ ಇದೆಯಾ ಅಂತ ಅತ್ತೆ ವಿಚಾರಣೆ ನಡೆಸುತ್ತಿರುವಾಗ ಅಡುಗೆಮನೆಯಲ್ಲಿ ಡಬ್ ಅಂತ ಸದ್ದಾಯಿತು. ಓಡಿದೆವು. ಹಾಲಿನ ತಪ್ಪಲೆ ಮಗುಚಿಬಿದ್ದಿದೆ, ನಮ್ಮ ಹೆಣ್ಣು ಹಾಲಿನಲ್ಲೇ ನಿಂತು ನೆಕ್ಕುತ್ತಿದೆ! ಮಾನ ಹೋಯಿತಲ್ಲಪ್ಪ ಅಂದುಕೊಂಡೆ.

ಆಕೆ ಹಾಲಿನ ಕಡೆ ತಿರುಗಿಯೂ ನೋಡಲಿಲ್ಲ. "ಅಯ್ಯೋ ನನ್ ಕಂದ, ಮೂಗಿಗೆ ಹಾಲು ಓಗ್ಬುಡ್ತಾ?" ಎನ್ನುತ್ತ ಕೂತು ಸೆರಗಿನಿಂದ ಮೂತಿ ಒರೆಸಿದಳು. ಮರಿ ಅವಳ ಮಡಿಲಲ್ಲೇ ಸುರುಳಿ ಸುತ್ತಿ ಮಲಗಿತು.

ಅತ್ತೆ ಸ್ವಲ್ಪ ಹೊತ್ತು ನೋಡುತ್ತ ನಿಂತರು. "ಇನ್ನೇನೈತೆ? ಹೆಣ್ಣೇ ಉಂಡ್ಬುಟ್ಟೈತೆ. ನಮ್ಗೂ ಮುದ್ದೆ ಇಕ್ಕವ್ವ."

ನಾನು ಎಷ್ಟು ಮುದ್ದೆ ಉಂಡೆ ಅಂತ ಕೇಳಬೇಡಿ. ಹೊರಡುವಾಗ ಅತ್ತೆ ಆಕೆಯ ಕೈಗೆ ಮರಿಯ ಮಡಿಲಕ್ಕಿ ಕೊಟ್ಟರು: ಅಕ್ಕಿ, ಬೆಲ್ಲ, ಕೊಬ್ಬರಿಯ ಬದಲಿಗೆ ಒಣಮೀನು!

ದಾರಿಯಲ್ಲಿ ರೇಗಿಸಿದೆ. "ಒಂದು ಬೆಕ್ಕಿಗೆ ಇಷ್ಟೊಂದಾ ಅತ್ತೆ? ನಿಮ್ಮನ್ನ ಕೊಡೋವಾಗ ತಾತ ಎಷ್ಟು ಮನೆ ನೋಡಿದ್ರು?"



"ನನ್ನ ಕೊಡೋವಾಗ ಯಾರ್ಲಾ ಮನೆ ನೋಡಿದ್ರು? ನಿಮ್ ತಾತ ಸಂತೇಲಿ ಮಾತಾಡ್ಕಂಡು ಬಂದ್ಬುಟ್ಟ. ಧಾರೆ ಆದ್ಮೇಲೇ ನಾ ಆ ಬಾಗ್ಲು ಕಂಡಿದ್ದು. ನಿಮ್ ಮಾವ ಒಳ್ಳೇರು, ನನ್ ಅದೃಷ್ಟ ಚೆಂದಾಗಿತ್ತು ಬುಡು. ಆದ್ರೂ ಗಾಡೀಲಿ ಹೋಗ್ತಾ ದಾರಿಯುದ್ದಕ್ಕೂ ನಡುಗ್ತಿದ್ದೆ ಕಣ್ಲಾ. ಈ ಮಗಿಗೆ ಅಂಗಾಗ್ಬಾರ್ದು ಅಂತ."

"ಗೌರಿ ಹಬ್ಬಕ್ಕೆ ಮರಿಗೆ ಬಾಗಿನ ಕೊಡಕ್ಕೆ ನಿಮ್ಮನ್ನ ನಾನೇ ಕರ್ಕೊಂಡು ಬರ್ತೀನಿ ಅತ್ತೆ" ಅಂದೆ.

ಅತ್ತೆ ಖಾಲಿ ಬುಟ್ಟಿಯನ್ನು ತಬ್ಬಿಕೊಂಡು, ನನ್ನ ಬೆನ್ನಿಗೆ ಹಣೆ ಒತ್ತಿ ಅತ್ತರು.